ಡಿಸ್ಕ್ ಗಾಲ್ಫ್ ಪಂದ್ಯಕ್ಕೆ ಯಾವ ವೇಷ? ಹಳೆಯ ಬಿ-ಸಿನಿಮಾ ಭೂತಗಳ ಒಂದು ಹೋಲಿಕೆ

ಅಮೆರಿಕದಲ್ಲಿ ಅಕ್ಟೋಬರ್ ತಿಂಗಳ ಕೊನೆಯ ವಾರಗಳು ಬಂದವೆಂದರೆ ಪ್ಲಾಸ್ಟಿಕ್ ಡಿಸ್ಕನ್ನು ಬುಟ್ಟಿಗೆ ಎಸೆದು ಆಡುವ ಡಿಸ್ಕ್ ಗಾಲ್ಫ್‌ನ ಹಲವು ಕ್ಲಬ್ಬುಗಳು, ಭೂತವೇಷಗಳ ಹಬ್ಬವಾದ ಹ್ಯಾಲೋವೀನ್ ನೆಪದಲ್ಲಿ ವೇಷದ ಪಂದ್ಯ ಇಟ್ಟುಕೊಳ್ಳುತ್ತವೆ. ಅಂಥ ಪಂದ್ಯಗಳಲ್ಲಿ ಆಟಕ್ಕೆ ಒಂದು ಬಹುಮಾನವಿದ್ದರೆ ವೇಷಕ್ಕೆ ಇನ್ನೊಂದು ಇರುತ್ತದೆ. ಹಳೆಯ, ಅಗ್ಗದ ಭಯಾನಕ ಸಿನಿಮಾಗಳ ಪಾತ್ರವನ್ನೇ ತೊಟ್ಟು ಬನ್ನಿ ಎಂದು ಸೂಚನೆ ಬಂದಾಗ, ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಸುತ್ತಮುತ್ತ ಆಡುವ ನಮಗೆ ಆಯ್ಕೆ ಬಹಳ, ಗೊಂದಲವೂ ಬಹಳ. ನಾಲ್ಕು ವರ್ಷಗಳಿಂದ ಈ ಪಂದ್ಯಗಳಲ್ಲಿ ಆಡುತ್ತಿದ್ದೇನೆ. ಮೂರು ವೇಷಗಳನ್ನು ಸ್ವತಃ ಹಾಕಿ ನೋಡಿದ್ದೇನೆ. ಉಳಿದವನ್ನು ಜೊತೆಗೆ ಆಡಿದವರ ಮೈಮೇಲೆ ಒಂದು ಪೂರ್ತಿ ಆಟದ ಹದಿನೆಂಟು ಹೋಲ್‌ಗಳ ಉದ್ದಕ್ಕೂ ಕಂಡಿದ್ದೇನೆ. ಈ ಊರುಗಳಿಗೆ ಹೊಸದಾಗಿ ಬಂದು ಡಿಸ್ಕ್ ಹಿಡಿಯುತ್ತಿರುವ ಕನ್ನಡದ ಗೆಳೆಯರು ಪ್ರತಿ ಸೆಪ್ಟೆಂಬರ್‌ನಲ್ಲಿ ಇದೇ ಪ್ರಶ್ನೆ ಕೇಳುವುದರಿಂದ, ನನಗೆ ತಿಳಿದದ್ದನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ವೇಷ ಆರಿಸುವವರು ಸಾಮಾನ್ಯವಾಗಿ ಮುಖದಿಂದ ಶುರುಮಾಡುತ್ತಾರೆ. ಅಂಗಡಿಯಲ್ಲಿ ಯಾವ ಮುಖವಾಡ ಹೆಚ್ಚು ಭಯಂಕರವಾಗಿದೆಯೋ ಅದನ್ನು ಕೊಂಡುತಂದು, ಮಿಕ್ಕ ಉಡುಪನ್ನು ಅದಕ್ಕೆ ಹೊಂದಿಸುತ್ತಾರೆ. ಡಿಸ್ಕ್ ಗಾಲ್ಫ್‌ಗೆ ಇದು ತಲೆಕೆಳಗಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಎಸೆಯುವ ಭುಜವನ್ನು ನೋಡಬೇಕು, ಆಮೇಲೆ ಪಾದವನ್ನು, ಕಟ್ಟಕಡೆಗೆ ಮುಖವನ್ನು. ಏಕೆಂದರೆ ಈ ಆಟದಲ್ಲಿ ಎಸೆಯುವುದು ಕೆಲವೇ ಕ್ಷಣ, ನಡೆಯುವುದು ಎರಡು ಮೂರು ಗಂಟೆ. ಆ ನಡಿಗೆಯಲ್ಲೇ ಪಾತ್ರ ಜೀವ ಪಡೆಯಬೇಕು, ಎಸೆಯುವ ಹೊತ್ತಿಗೆ ದಾರಿ ಬಿಟ್ಟು ನಿಲ್ಲಬೇಕು.

ಬಿ-ಸಿನಿಮಾದ ಬಡತನವೇ ಅನುಕೂಲ

ಬಿ-ಸಿನಿಮಾ ಎಂಬ ಮಾತಿನ ಮೂಲವನ್ನು ನೆನಪಿಟ್ಟುಕೊಂಡರೆ ಆಯ್ಕೆ ಸುಲಭವಾಗುತ್ತದೆ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಅಮೆರಿಕದ ಚಿತ್ರಮಂದಿರಗಳು ಜನರನ್ನು ಕರೆತರಲು ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸತೊಡಗಿದವು. ಮೊದಲನೆಯದು ದೊಡ್ಡ ತಾರೆಯರಿದ್ದ ದುಬಾರಿ ಚಿತ್ರ. ಜೊತೆಗೆ ಬರುತ್ತಿದ್ದ, ಕಡಿಮೆ ದುಡ್ಡಿನಲ್ಲಿ ಕೆಲವೇ ದಿನಗಳಲ್ಲಿ ತೆಗೆದು ಮುಗಿಸಿದ ಇನ್ನೊಂದಕ್ಕೆ ಬಿ ಎಂಬ ಹೆಸರು ಬಂತು. 1950ರ ದಶಕದಲ್ಲಿ, ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಡ್ರೈವ್-ಇನ್‌ಗಳಿಗೆ ಹದಿಹರೆಯದವರು ಮುಗಿಬೀಳುತ್ತಿದ್ದಾಗ, ಇಂಥ ಚಿತ್ರಗಳು ಭೂತ, ಅನ್ಯಗ್ರಹ ಮತ್ತು ಅಣುವಿಕಿರಣದ ಭೀತಿಯನ್ನು ಕೈಗೆತ್ತಿಕೊಂಡವು. ಅವುಗಳ ವೇಷಭೂಷಣ ಮಾಡಿದವರ ಬಳಿ ಹಣವಿರಲಿಲ್ಲ. ಸಿಕ್ಕಿದ ಬಟ್ಟೆ, ಬಾಡಿಗೆಗೆ ತಂದ ಚರ್ಮ, ಅಡುಗೆಮನೆಯ ಸಾಮಾನು ಇವುಗಳಿಂದಲೇ ಅವರು ಭಯ ಹುಟ್ಟಿಸಬೇಕಿತ್ತು. ಆದ್ದರಿಂದ ನೀವು ಹಳೆಯ ಕೋಟು ಮತ್ತು ಮಸಿಯಿಂದ ಮಾಡಿಕೊಂಡ ವೇಷವೇ ಮುನ್ನೂರು ಡಾಲರ್ ಕೊಟ್ಟು ತರಿಸಿದ ರಬ್ಬರ್ ಉಡುಪಿಗಿಂತ ಆ ಪರಂಪರೆಗೆ ಹತ್ತಿರವಾಗಿರುತ್ತದೆ. ತೀರ್ಪು ಕೊಡುವವರು ಈ ಸಿನಿಮಾಗಳನ್ನು ಪ್ರೀತಿಸುವವರೇ ಆಗಿದ್ದರೆ ಅದನ್ನು ಗುರುತಿಸುತ್ತಾರೆ.

ಆಟ ಕೇಳುವುದೇನು

ಡಿಸ್ಕ್ ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಮತ್ತು ಕುಳಿಯ ಬದಲು ಇಲ್ಲಿ ಸುಮಾರು 21 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಡಿಸ್ಕನ್ನು ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಎಸೆಯುತ್ತೇವೆ. ಎಸೆತ ಶುರುವಾಗುವ ಜಾಗ ಟೀ, ಅಲ್ಲಿಂದ ಒಂದು ಬುಟ್ಟಿಯ ತನಕದ ಆಟ ಒಂದು ಹೋಲ್. ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದಂತೆ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್‌ನಲ್ಲಿ ಮೊದಲ ಅಧಿಕೃತ ಕೋರ್ಸನ್ನು ರೂಪಿಸಿದ ಎಡ್ ಹೆಡ್ರಿಕ್ ಅವರೇ ಸರಪಳಿಯ ಬುಟ್ಟಿಯನ್ನೂ ರೂಪಿಸಿ, 1976ರಲ್ಲಿ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಸಂಸ್ಥೆಯನ್ನು ಆರಂಭಿಸಿದರು. ಇಂದಿಗೂ ಹೆಚ್ಚಿನ ಪಂದ್ಯಗಳು ಆ ಸಂಸ್ಥೆಯ ನಿಯಮಗಳನ್ನೇ ಪಾಲಿಸುತ್ತವೆ.

ವೇಷಕ್ಕೆ ಸಂಬಂಧಿಸಿದಂತೆ ಆ ನಿಯಮಗಳಲ್ಲಿ ಮೂರು ವಿಷಯ ಮುಖ್ಯ. ನಿಮ್ಮ ಸರದಿ ಬಂದು, ಮುಂದಿನ ಜಾಗ ತೆರವಾದ ಮೇಲೆ ಎಸೆಯಲು ನಿಮಗಿರುವುದು 30 ಸೆಕೆಂಡು. ಮೊದಲ ಸಲ ಮೀರಿದರೆ ಎಚ್ಚರಿಕೆ, ಮತ್ತೆ ಮೀರಿದರೆ ಒಂದು ಎಸೆತದ ದಂಡ. ಮುಖವಾಡ ಬಿಚ್ಚಿ, ಗ್ಲೌಸ್ ಕಳಚಿ, ಡಿಸ್ಕ್ ಆರಿಸಿ, ನಿಂತು ಎಸೆಯುವಷ್ಟರಲ್ಲಿ ಈ ಅರ್ಧ ನಿಮಿಷ ಕಳೆದೇ ಹೋಗಿರುತ್ತದೆ. ಎರಡನೆಯದಾಗಿ, ಎಸೆತಕ್ಕೆ ನೇರವಾಗಿ ನೆರವಾಗುವ ಸಾಧನವನ್ನು ಬಳಸುವಂತಿಲ್ಲ. ಚರ್ಮ ಸವೆಯದಂತೆ ತಡೆಯುವ ಗ್ಲೌಸ್ ಅಥವಾ ಟೇಪಿಗೆ ಅಡ್ಡಿಯಿಲ್ಲ, ಆದರೆ ತೋಳನ್ನು ಉದ್ದಮಾಡುವ ಕೃತಕ ಕೈಯಲ್ಲಿ ಡಿಸ್ಕ್ ಹಿಡಿದು ಎಸೆಯುವ ಯೋಚನೆ ಇದ್ದರೆ ಕೈಬಿಡಿ. ಮೂರನೆಯದು ಸೌಜನ್ಯ. ಇನ್ನೊಬ್ಬರು ಎಸೆಯುವಾಗ ಅವರ ಗಮನ ಕೆಡಿಸಬಾರದು. ಮೈಮೇಲೆ ಸರಪರ ಸದ್ದು ಮಾಡುವ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡವರಿಗೆ ಇದು ದೊಡ್ಡ ತೊಡಕು. ಮೇಲ್ದರ್ಜೆಯ ಅಧಿಕೃತ ಪಂದ್ಯಗಳಲ್ಲಿ ಉಡುಪಿಗೇ ಪ್ರತ್ಯೇಕ ನಿಯಮಗಳಿರುವುದರಿಂದ, ನೋಂದಣಿಗೆ ಮೊದಲು ಪಂದ್ಯದ ನಿರ್ದೇಶಕರನ್ನು ಒಂದು ಮಾತು ಕೇಳಿಬಿಡುವುದು ಒಳ್ಳೆಯದು.

ಇನ್ನು ಎಸೆತದ ವಿಚಾರ. ಬಲಗೈಯವರ ಬ್ಯಾಕ್‌ಹ್ಯಾಂಡ್ ಎಸೆತವನ್ನು ಹತ್ತಿರದಿಂದ ಗಮನಿಸಿ. ಬಲಭುಜ ಬುಟ್ಟಿಯ ಕಡೆಗಿರುತ್ತದೆ. ಮೂರು ಹೆಜ್ಜೆ ಅಡ್ಡಡ್ಡ ಇಡುತ್ತಾ ಡಿಸ್ಕನ್ನು ಪೂರ್ತಿ ಹಿಂದಕ್ಕೆ ಚಾಚುತ್ತಾರೆ, ಸೊಂಟ ತಿರುಗುತ್ತದೆ, ಡಿಸ್ಕ್ ಎದೆಗೆ ತಾಗುವಂತೆ ಮುಂದಕ್ಕೆ ಬರುತ್ತದೆ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಬಿಚ್ಚಿಕೊಳ್ಳುತ್ತದೆ. ಇಷ್ಟೂ ಹೊತ್ತು ತಲೆ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಹೊರಳುತ್ತದೆ. ಮುಖವಾಡ ಹಾಕಿಕೊಂಡಿದ್ದರೆ ತಲೆ ಹೊರಳಿದಷ್ಟು ಬೇಗ ಅದು ಹೊರಳುವುದಿಲ್ಲ. ಮೀನುಮನುಷ್ಯನ ಮುಖವಾಡ ತೊಟ್ಟು ನಾನು ಎಸೆದ ಮೊದಲ ಡ್ರೈವ್‌ನಲ್ಲಿ, ಅಂದರೆ ಟೀಯಿಂದ ದೂರಕ್ಕೆ ಎಸೆಯುವ ಎಸೆತದಲ್ಲಿ, ಡಿಸ್ಕ್ ಕೈಬಿಡುವ ಹೊತ್ತಿಗೆ ಬಲಗಣ್ಣಿನ ತೂತು ಮೂಗಿನ ಮೇಲೆ, ಎಡಗಣ್ಣಿನದು ಕಿವಿಯ ಹತ್ತಿರ ಇತ್ತು. ಕಂಡದ್ದು ರಬ್ಬರಿನ ಒಳಮೈಯ ಹಸಿರು ಮಾತ್ರ. ಡಿಸ್ಕ್ ಎಲ್ಲಿ ಹೋಯಿತೆಂದು ಜೊತೆಯವರು ಹೇಳಿದ ಮೇಲೇ ತಿಳಿಯಿತು. ಅಕ್ಟೋಬರ್‌ನಲ್ಲಿ ನೆಲದ ತುಂಬ ಮೇಪಲ್ ಮತ್ತು ಓಕ್ ಎಲೆ ಬಿದ್ದಿರುವಾಗ ಡಿಸ್ಕ್ ಎಲ್ಲಿ ಇಳಿಯಿತೆಂದು ನೋಡದಿದ್ದರೆ ಅದು ಸಿಗುವುದು ಕಷ್ಟ.

ಜೀವಂತ ಶವ

ಪಿಟ್ಸ್‌ಬರ್ಗ್ ಎಂದರೆ ನಮ್ಮವರಿಗೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ ನೆನಪಾದರೆ, ಭಯಾನಕ ಸಿನಿಮಾ ಪ್ರಿಯರಿಗೆ ಅದು ಜೀವಂತ ಶವಗಳ ತವರು. ನಿರ್ದೇಶಕ ಜಾರ್ಜ್ ರೊಮೆರೊ ಇಲ್ಲಿಯವರೇ ಆದ ಗೆಳೆಯರನ್ನು ಕೂಡಿಕೊಂಡು ಸುಮಾರು 1,14,000 ಡಾಲರ್‌ಗಳಲ್ಲಿ ತೆಗೆದ 'ನೈಟ್ ಆಫ್ ದಿ ಲಿವಿಂಗ್ ಡೆಡ್' 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗ್‌ನಲ್ಲಿ ಮೊದಲು ತೆರೆಕಂಡಿತು. ಅದರ ಆರಂಭದ ಸ್ಮಶಾನದ ದೃಶ್ಯ ಬಟ್ಲರ್ ಕೌಂಟಿಯ ಇವಾನ್ಸ್ ಸಿಟಿಯದು. ನಾವು ಡಿಸ್ಕ್ ಎಸೆಯಲು ಹೋಗುವ ಮೊರೇನ್ ಸ್ಟೇಟ್ ಪಾರ್ಕ್ ಇರುವುದೂ ಅದೇ ಕೌಂಟಿಯಲ್ಲಿ. ಆ ಮಣ್ಣಿನಲ್ಲಿ ಆ ಪಾತ್ರವಾಗಿ ನಡೆಯುವುದಕ್ಕೆ ಬೇರೆಯದೇ ಸೊಗಸಿದೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಈ ಚಿತ್ರದ ಶವಗಳು ನಮಗೆ ಯಾಕೆ ಅನುಕೂಲವೆಂದರೆ ಅವು ಸಾಮಾನ್ಯ ಜನ. ಸುತ್ತಮುತ್ತಲಿನ ಊರಿನವರೇ ತಮ್ಮ ಬಟ್ಟೆಯಲ್ಲಿ, ಸೂಟು, ರಾತ್ರಿಯುಡುಪು, ಕೆಲಸದ ಅಂಗಿಗಳಲ್ಲಿ ಬಂದು ನಿಂತಂತಿದ್ದಾರೆ; ಮುಖಕ್ಕೆ ಬಿಳಿಚು ಬಣ್ಣ, ಕಣ್ಣಿನ ಸುತ್ತ ಕಪ್ಪು, ಅಷ್ಟೇ. ಇಡೀ ಚಿತ್ರದಲ್ಲಿ ಜೋಂಬಿ ಎಂಬ ಪದವನ್ನು ಯಾರೂ ಆಡುವುದಿಲ್ಲ. ವೇಷದ ಭಾರವೆಲ್ಲ ನಡಿಗೆಯ ಮೇಲಿದೆ: ಒಂದು ಭುಜ ಕುಸಿದಿದೆ, ಕತ್ತು ವಾಲಿದೆ, ಪಾದ ಮೇಲೇಳುವುದಿಲ್ಲ. ಟೀಯಿಂದ ಡಿಸ್ಕ್ ಬಿದ್ದ ಜಾಗಕ್ಕೆ ಹಾಗೆ ನಡೆದು ಹೋಗಿ, ನಿಂತು, ಮನುಷ್ಯರಂತೆ ನೆಟ್ಟಗಾಗಿ ಎಸೆದು, ಮತ್ತೆ ಕುಸಿಯಬಹುದು. ಆ ನೆಟ್ಟಗಾಗುವ ಕ್ಷಣವೇ ನೋಡುವವರಿಗೆ ರೋಮಾಂಚನ ಕೊಡುತ್ತದೆ. ನವರಾತ್ರಿಯಲ್ಲಿ ಮಂಗಳೂರಿನ ಹುಲಿವೇಷ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೈಕಾಲಿಗೆ ಬಟ್ಟೆಯ ಬದಲು ಬಣ್ಣವಿದ್ದಾಗ ಮೈ ಎಷ್ಟು ಸ್ವತಂತ್ರವಾಗಿ ಹುಲಿಯಾಗುತ್ತದೆ ಎಂಬುದನ್ನು ಅವರು ಕಂಡಿರುತ್ತಾರೆ.

ತೊಂದರೆಗಳೂ ಇವೆ. ಹದಿನೆಂಟು ಹೋಲ್‌ಗಳ ಉದ್ದಕ್ಕೂ ಕಾಲೆಳೆದುಕೊಂಡು ನಡೆದರೆ ಸೊಂಟ ಹಿಡಿಯುತ್ತದೆ. ನನಗೆ ಹನ್ನೆರಡನೆಯ ಹೋಲ್ ಹೊತ್ತಿಗೆ ಬಲಸೊಂಟ ತಿರುಗದಂತಾಗಿ, ಎಸೆತಗಳೆಲ್ಲ ಗಿಡ್ಡವಾದವು. ಟೀ ಬಿಟ್ಟು ಹೊರಡುವಾಗ ಹತ್ತು ಹೆಜ್ಜೆ, ಬುಟ್ಟಿಯ ಬಳಿ ಬರುವಾಗ ಹತ್ತು ಹೆಜ್ಜೆ ಹಾಗೆ ನಡೆದರೆ ಸಾಕು; ನಡುವೆ ಆರಾಮವಾಗಿ ನಡೆಯಿರಿ. ಪ್ಯಾಂಟು ಹರಿದುಕೊಳ್ಳುವ ಆಸೆಯಾಗುತ್ತದೆ, ಆದರೆ ಪೆನ್ಸಿಲ್ವೇನಿಯಾದ ಕಾಡಂಚಿನಲ್ಲಿ ಅಕ್ಟೋಬರ್, ನವೆಂಬರ್‌ಗಳಲ್ಲಿ ಲೈಮ್ ಕಾಯಿಲೆ ಹರಡುವ ಉಣ್ಣೆಹುಳುಗಳು ಚುರುಕಾಗಿರುತ್ತವೆ. ಹರಿದ ಪ್ಯಾಂಟಿನ ಒಳಗೆ ಮೈಗಂಟುವ ಇನ್ನೊಂದು ಕಾಲುಡುಪು ತೊಟ್ಟು, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ರಕ್ತದ ವಿಚಾರದಲ್ಲಂತೂ ನನ್ನ ಮಾತು ಕೇಳಿ. ಆ ಕಪ್ಪುಬಿಳುಪು ಚಿತ್ರದಲ್ಲಿ ರಕ್ತವಾಗಿ ಕಂಡದ್ದು ಚಾಕೊಲೇಟ್ ಸಿರಪ್. ಅದನ್ನೇ ಮಾಡಲು ಹೋಗಿ ಒಂದು ವರ್ಷ ನಾನು ಅಂಗಿಯ ಮೇಲೆಲ್ಲ ಸುರಿದುಕೊಂಡೆ. ಕೈಗೆ, ಕೈಯಿಂದ ಡಿಸ್ಕಿನ ಅಂಚಿಗೆ ಅಂಟಿ ಹಿಡಿತ ಹಾಳಾಯಿತು, ಹೊತ್ತೇರಿದಂತೆ ಕಣಜಗಳು ಸುತ್ತತೊಡಗಿದವು. ಹಿಮ ಗಟ್ಟಿಯಾಗಿ ಬೀಳುವ ತನಕ ಇಲ್ಲಿನ ಹಳದಿ ಕಣಜಗಳಿಗೆ ಸಿಹಿಯ ಹಸಿವು ಹೆಚ್ಚು. ಬಟ್ಟೆಗೆ ಹಾಕುವ ಕಂದು ಬಣ್ಣವನ್ನು ಎರಡು ದಿನ ಮೊದಲೇ ಹಚ್ಚಿ ಒಣಗಿಸಿದರೆ ಈ ಕಷ್ಟವಿಲ್ಲ.

ಮೀನುಮನುಷ್ಯ

1954ರ 'ಕ್ರೀಚರ್ ಫ್ರಮ್ ದಿ ಬ್ಲ್ಯಾಕ್ ಲಗೂನ್' ಚಿತ್ರದ ಜಲಚರವನ್ನು ಬಿ-ಸಿನಿಮಾದ ಪಾತ್ರವೆಂದು ಕರೆಯಬಹುದೇ ಎಂದು ಕಟ್ಟುನಿಟ್ಟಿನವರು ತಕರಾರು ತೆಗೆಯಬಹುದು. ಅದು ಯೂನಿವರ್ಸಲ್ ಎಂಬ ದೊಡ್ಡ ಸ್ಟುಡಿಯೋದ ಚಿತ್ರ. ಆದರೂ ಆ ಕಾಲದ ಭೂತಗಳಲ್ಲಿ ಅದಕ್ಕಿಂತ ಸುಂದರವಾದದ್ದು ಇಲ್ಲ. ಮಿಲಿಸೆಂಟ್ ಪ್ಯಾಟ್ರಿಕ್ ಎಂಬ ಕಲಾವಿದೆ ರೂಪಿಸಿದ ಆ ಕಿವಿರು, ಹುರುಪೆ, ಜಾಲಪಾದಗಳನ್ನು ಕಂಡವರು ಮರೆಯುವುದಿಲ್ಲ.

ಆದರೆ ಆಟಕ್ಕೆ ಇದು ಬಹಳ ಕಷ್ಟದ ವೇಷ. ಮೂಲ ಚಿತ್ರದಲ್ಲೇ ಒಬ್ಬರಿಂದ ಆಗದ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದರು: ನೆಲದ ಮೇಲಿನ ದೃಶ್ಯಗಳಿಗೆ ಬೆನ್ ಚಾಪ್‌ಮನ್, ಫ್ಲಾರಿಡಾದ ವಕುಲ್ಲಾ ಸ್ಪ್ರಿಂಗ್ಸ್‌ನಲ್ಲಿ ತೆಗೆದ ನೀರೊಳಗಿನ ದೃಶ್ಯಗಳಿಗೆ ರಿಕೂ ಬ್ರೌನಿಂಗ್. ಅಂಥ ಉಡುಪಿನೊಳಗೆ ಸೆಖೆ ಹೊರಗೆ ಹೋಗುವುದಿಲ್ಲ. ಪಿಟ್ಸ್‌ಬರ್ಗ್‌ನ ಅಕ್ಟೋಬರ್ ಬೆಳಗು ಐದಾರು ಡಿಗ್ರಿಯಷ್ಟು ತಣ್ಣಗಿದ್ದಾಗ ಹಿತವಾಗಿಯೇ ಇರುತ್ತದೆ, ಆದರೆ ಬಿಸಿಲೇರಿ ಏರುಹಾದಿ ಹತ್ತುವಾಗ ಒಳಗಿನ ಅಂಗಿ ಹಿಂಡುವಂತಾಗುತ್ತದೆ. ಬೆರಳುಗಳ ನಡುವೆ ಜಾಲವಿದ್ದರೆ ಫೋರ್‌ಹ್ಯಾಂಡ್ ಎಸೆತ ಸಾಧ್ಯವೇ ಇಲ್ಲ. ಎರಡು ಬೆರಳನ್ನು ಡಿಸ್ಕಿನ ಒಳ ಅಂಚಿಗೆ ಒತ್ತಿ ಹಿಡಿಯಬೇಕಲ್ಲ. ಜಾಲಪಾದದ ಚಪ್ಪಲಿಯಲ್ಲಿ ಒದ್ದೆ ಎಲೆಯ ಇಳಿಜಾರು ಇಳಿಯುವುದು ಅಪಾಯ.

ಆದರೂ ಇದೇ ಬೇಕೆನ್ನುವವರು ಪೂರ್ತಿ ಉಡುಪಿನ ಯೋಚನೆ ಬಿಟ್ಟು, ಹಸಿರು ತುಂಬುತೋಳಿನ ಕ್ರೀಡಾ ಅಂಗಿಯ ಬೆನ್ನಿಗೆ ಮತ್ತು ಎಡತೋಳಿಗೆ ಮಾತ್ರ ಫೋಮ್ ರೆಕ್ಕೆ ಹೊಲಿಸಿಕೊಳ್ಳಲಿ. ಬೆನ್ನಿನ ರೆಕ್ಕೆಯನ್ನು ಬ್ಯಾಗಿನ ಪಟ್ಟಿಗಳ ನಡುವೆ ಕೂರುವಷ್ಟೇ ಅಗಲ ಇರಿಸಬೇಕು, ಇಲ್ಲವಾದರೆ ಇಪ್ಪತ್ತು ಡಿಸ್ಕ್ ತುಂಬಿದ ಮೂರೂವರೆ ಕಿಲೋ ಭಾರದ ಬ್ಯಾಗನ್ನು ಕೈಯಲ್ಲಿ ಹಿಡಿದೇ ನಡೆಯಬೇಕಾಗುತ್ತದೆ. ಎಸೆಯುವ ತೋಳು ಬರಿದಾಗಿರಲಿ. ಮುಖಕ್ಕೆ ಹಸಿರು ಬಣ್ಣ ಸಾಕು.

ಕೆಂಪು ಮುದ್ದೆ

1958ರ 'ದಿ ಬ್ಲಾಬ್' ಕೂಡ ಪೆನ್ಸಿಲ್ವೇನಿಯಾದ ಕೂಸು. ಉಲ್ಕೆಯೊಳಗಿಂದ ಬಂದು ಜನರನ್ನು ನುಂಗಿ ಬೆಳೆಯುವ ಆ ಮುದ್ದೆಯನ್ನು ಕೆಂಪು ಬಣ್ಣ ಬೆರೆಸಿದ ಸಿಲಿಕೋನ್‌ನಿಂದ ಮಾಡಿದ್ದರು. ಜನ ಚೀರುತ್ತಾ ಚಿತ್ರಮಂದಿರದಿಂದ ಹೊರಗೋಡುವ ದೃಶ್ಯ ಫೀನಿಕ್ಸ್‌ವಿಲ್ ಊರಿನ ಕಲೋನಿಯಲ್ ಥಿಯೇಟರಿನದು. ಆ ಊರಿನವರು ಈಗಲೂ ಪ್ರತಿ ವರ್ಷ ಬ್ಲಾಬ್‌ಫೆಸ್ಟ್ ನಡೆಸಿ ಆ ಓಟವನ್ನು ಮತ್ತೆ ಆಡಿತೋರಿಸುತ್ತಾರೆ.

ವೇಷವಾಗಿ ಇದು ತೂಕದಲ್ಲಿ ಹಗುರ, ಕಣ್ಣಿಗೆ ಸ್ಪಷ್ಟ, ಮಕ್ಕಳಿಗೆ ಬಹಳ ಇಷ್ಟ. ನಡಿಗೆಯಲ್ಲಿ ಮಾತ್ರ ಸೋಲುತ್ತದೆ, ಏಕೆಂದರೆ ಕಾಲಿಲ್ಲದ ಜೀವಿಯ ಕಾಲು ಎಲ್ಲರಿಗೂ ಕಾಣುತ್ತಿರುತ್ತದೆ. ಜೊತೆಗೆ ಆಡಿದ ಒಬ್ಬರು ಕೆಂಪು ಪ್ಲಾಸ್ಟಿಕ್ ಹಾಳೆಯೊಳಗೆ ದಿಂಬಿನ ಹತ್ತಿ ತುಂಬಿಕೊಂಡು ಬಂದಿದ್ದರು. ಅವರು ಉಸಿರಾಡಿದರೂ ಹಾಳೆ ಸದ್ದುಮಾಡುತ್ತಿತ್ತು. ಇತರರು ಪಟ್ ಮಾಡುವಾಗ, ಅಂದರೆ ಹತ್ತಿರದಿಂದ ಬುಟ್ಟಿಗೆ ಎಸೆಯುವಾಗ, ಪಾಪ, ಮರದ ಹಿಂದೆ ಹೋಗಿ ನಿಲ್ಲುತ್ತಿದ್ದರು. ಪ್ಲಾಸ್ಟಿಕ್ಕಿನ ಬದಲು ತೆಳುವಾದ ಕೆಂಪು ಉಣ್ಣೆಬಟ್ಟೆಯನ್ನು ಪಾಂಚೋದಂತೆ ಕತ್ತರಿಸಿ, ಎದೆಯ ಮುಂದೆ ಉಬ್ಬು ಇಲ್ಲದಂತೆ, ಬೆನ್ನಿಗೂ ಎಡಬದಿಗೂ ಮಾತ್ರ ಹತ್ತಿ ತುಂಬಿದರೆ ಡಿಸ್ಕ್ ಎದೆಗೆ ತಾಗಿಕೊಂಡು ಬರಲು ಜಾಗ ಸಿಗುತ್ತದೆ. ಚಿತ್ರದಲ್ಲಿ ಆ ಮುದ್ದೆ ಸೋಲುವುದು ಚಳಿಗೆ. ಆದರೆ ಈ ವೇಷ ತೊಟ್ಟವರು ಚಳಿಯಲ್ಲಿ ಎಲ್ಲರಿಗಿಂತ ಬೆಚ್ಚಗಿರುತ್ತಾರೆ.

ಗೊರಿಲ್ಲಾ ಮೈಯ ಯಂತ್ರಮಾನವ

ಬಿ-ಸಿನಿಮಾದ ಬಡತನಕ್ಕೆ 1953ರ 'ರೋಬಾಟ್ ಮಾನ್‌ಸ್ಟರ್'ಗಿಂತ ಒಳ್ಳೆಯ ಉದಾಹರಣೆ ಬೇಡ. ಯಂತ್ರಮಾನವನ ಉಡುಪು ಮಾಡಿಸಲು ಹಣ ಸಾಲದೆ, ಸ್ವಂತ ಗೊರಿಲ್ಲಾ ಉಡುಪಿದ್ದ ಜಾರ್ಜ್ ಬ್ಯಾರೋಸ್ ಎಂಬ ನಟರನ್ನು ಕರೆದು, ತಲೆಗೆ ಮುಳುಗುಗಾರರ ಶಿರಸ್ತ್ರಾಣದಂಥದ್ದನ್ನು ಇಟ್ಟು ನಿಲ್ಲಿಸಿದರು. ಈ ಪಾತ್ರ ಬಲ್ಲವರ ನಡುವೆ ನೀವು ಹಾಗೆ ಕಾಣಿಸಿಕೊಂಡರೆ ಪಾರ್ಕಿಂಗ್ ಜಾಗದಲ್ಲೇ ಚಪ್ಪಾಳೆ ಬೀಳುವುದು ಖಂಡಿತ.

ಆದರೂ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಶಿರಸ್ತ್ರಾಣದಿಂದ ನೋಟ ಮುಚ್ಚುವುದು, ತುಪ್ಪಳದ ಕೈಯಿಂದ ಹಿಡಿತ ಜಾರುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಇಲ್ಲಿ ಅಕ್ಟೋಬರ್ ಬೇಟೆಯ ಋತು. ಪೆನ್ಸಿಲ್ವೇನಿಯಾದ ಹಲವು ಸ್ಟೇಟ್ ಪಾರ್ಕ್‌ಗಳ ಕೆಲವು ಭಾಗಗಳಲ್ಲಿ ಬೇಟೆಗೆ ಅನುಮತಿ ಇರುತ್ತದೆ. ಕಂದು ತುಪ್ಪಳ ತೊಟ್ಟು, ಕಳೆದುಹೋದ ಡಿಸ್ಕ್ ಹುಡುಕುತ್ತಾ ಪೊದೆಯಲ್ಲಿ ಬಗ್ಗಿ ನಿಂತಿರುವ ಮನುಷ್ಯ ದೂರದಿಂದ ಏನಾಗಿ ಕಾಣಬಹುದು ಎಂದು ಒಂದು ಕ್ಷಣ ಯೋಚಿಸಿ. ನಗರದೊಳಗಿನ ಉದ್ಯಾನದಲ್ಲಿ ಆಡುವುದಾದರೆ ತೊಡಬಹುದು. ಕಾಡಿನ ಕೋರ್ಸಿನಲ್ಲಿ ಬೇಡ. ಯಾವ ವೇಷ ತೊಟ್ಟರೂ ಹೊಳೆಯುವ ಕಿತ್ತಳೆ ಬಣ್ಣದ ಟೋಪಿಯನ್ನೋ ಪಟ್ಟಿಯನ್ನೋ ಮೇಲೆ ಕಾಣುವಂತೆ ಹಾಕಿಕೊಳ್ಳಿ. ವೇಷದ ಅಂಕ ಹೋದರೆ ಹೋಗಲಿ.

ಕೈಯಲ್ಲಿ ಮುಖ ಮುಚ್ಚಿದ ನಿಲುವಂಗಿಯವರು

ನನಗೆ ಅತ್ಯಂತ ಪ್ರಿಯವಾದ ಆಯ್ಕೆ ಇದು, ಮತ್ತು ಕಡಿಮೆ ಜನ ಯೋಚಿಸುವುದೂ ಇದೇ. ನಿರ್ದೇಶಕ ಎಡ್ ವುಡ್ ಅವರ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಚಿತ್ರದಲ್ಲಿ ನಟ ಬೆಲಾ ಲುಗೋಸಿ ಅವರ ಕೆಲವೇ ತುಣುಕುಗಳಿವೆ, ಏಕೆಂದರೆ ಅವರು 1956ರಲ್ಲಿ ತೀರಿಕೊಂಡರು. ಉಳಿದ ದೃಶ್ಯಗಳಿಗೆ ವುಡ್ ಅವರ ಹೆಂಡತಿಗೆ ಬೆನ್ನಿನ ಚಿಕಿತ್ಸೆ ಮಾಡುತ್ತಿದ್ದ ಟಾಮ್ ಮೇಸನ್ ಎಂಬವರನ್ನು, ಮುಖ ಕಾಣದಂತೆ ಕಪ್ಪು ನಿಲುವಂಗಿಯ ಅಂಚನ್ನು ಕಣ್ಣಿನ ತನಕ ಎತ್ತಿ ಹಿಡಿದು ನಡೆಯಲು ಹೇಳಿದರು. ಎಲ್ಲರಿಗೂ ಅದು ಬೇರೆ ಮನುಷ್ಯನೆಂದು ತಿಳಿಯುತ್ತದೆ. ಅಗಲಿದ ಗೆಳೆಯನ ಕೊನೆಯ ತುಣುಕುಗಳನ್ನು ವ್ಯರ್ಥವಾಗಲು ಬಿಡದ ಆ ಹಠ ಮಾತ್ರ ನನ್ನನ್ನು ತಟ್ಟುತ್ತದೆ.

ಡಿಸ್ಕ್ ಗಾಲ್ಫ್‌ಗೆ ಈ ಪಾತ್ರದ ಅನುಕೂಲ ನೋಡಿ. ಮುಖವಾಡ ಬೇಡ, ಬಣ್ಣವೂ ಬೇಡ. ಎಡಗೈ ಎತ್ತಿದರೆ ಪಾತ್ರ ಬಂತು, ಇಳಿಸಿದರೆ ನೀವು ಆಟಗಾರರು. 30 ಸೆಕೆಂಡಿನಲ್ಲಿ ಅರ್ಧ ಸೆಕೆಂಡೂ ವೇಷಕ್ಕೆ ಖರ್ಚಾಗುವುದಿಲ್ಲ. ತೊಡಕಿರುವುದು ಬಟ್ಟೆಯ ಕತ್ತರಿಕೆಯಲ್ಲಿ ಮಾತ್ರ. ಅಂಗಡಿಯ ನಿಲುವಂಗಿಗಳಿಗೆ ಗಟ್ಟಿ ರಟ್ಟಿನ ಎತ್ತರದ ಕಾಲರ್ ಇರುತ್ತದೆ. ಬಲಗೈಯವರು ಹಿಂದಕ್ಕೆ ಚಾಚಿದಾಗ ಆ ಕಾಲರಿನ ಬಲಭಾಗ ಗಲ್ಲಕ್ಕೂ ತೋಳಿಗೂ ನಡುವೆ ಸಿಕ್ಕಿ ತಡೆಯುತ್ತದೆ. ಆ ಬದಿಯ ರಟ್ಟನ್ನು ತೆಗೆದು ಬರೀ ಬಟ್ಟೆ ಬಿಡಿ. ಉದ್ದ ಮೊಣಕಾಲಿನಿಂದ ಕೆಳಗಿಳಿದರೆ ಅಡ್ಡ ಹೆಜ್ಜೆ ಇಡುವಾಗ ತುಳಿಯುತ್ತೀರಿ. ಎಸೆಯುವ ಮುನ್ನ ಬಲ ಅಂಚನ್ನು ಹಿಂದಕ್ಕೆ ತಳ್ಳಿ ಬೆಲ್ಟಿಗೆ ಸಿಕ್ಕಿಸಲು ಒಂದು ಹುಕ್ಕು ಹೊಲಿಸಿ. ಕುತ್ತಿಗೆಗೆ ದಾರದ ಗಂಟು ಹಾಕದೆ ವೆಲ್‌ಕ್ರೋ ಹಾಕಿ; ಮುಳ್ಳುಪೊದೆಗೆ ಸಿಕ್ಕಿದರೆ ಬಟ್ಟೆ ಕಳಚಿಕೊಳ್ಳಬೇಕೇ ಹೊರತು ಕತ್ತು ಬಿಗಿಯಬಾರದು. ಗಾಳಿಯ ದಿನ ತೆರೆದ ಬಯಲಿನಲ್ಲಿ ನಿಲುವಂಗಿ ಹಾಯಿಯಂತೆ ಉಬ್ಬುತ್ತದೆ. ಬುಟ್ಟಿಯಿಂದ 10 ಮೀಟರ್ ಒಳಗೆ ಪಟ್ ಮಾಡಿದ ಮೇಲೆ ಸಮತೋಲ ಉಳಿಸಿಕೊಂಡು ನಿಂತು ತೋರಿಸಬೇಕು, ಮುಂದಕ್ಕೆ ವಾಲಿಬಿಟ್ಟರೆ ತಪ್ಪು. ಅಲ್ಲಿ ಬಟ್ಟೆಯನ್ನು ಎಡಗೈಯಲ್ಲಿ ಒಟ್ಟುಮಾಡಿ ಹಿಡಿದುಕೊಳ್ಳುವುದು ಕ್ಷೇಮ.

ಉಳಿದವು

ಹುಚ್ಚು ವಿಜ್ಞಾನಿಯ ಬಿಳಿ ಕೋಟನ್ನು ಮರೆಯಬಾರದು. ಅದರ ಜೇಬುಗಳಲ್ಲಿ ಮಾರ್ಕರ್, ಪೆನ್ಸಿಲ್, ಒಂದು ಪಟರ್ (ಪಟ್ ಮಾಡುವ ಡಿಸ್ಕ್) ಎಲ್ಲವೂ ಹಿಡಿಸುತ್ತವೆ. ಎರಡು ಅಳತೆ ದೊಡ್ಡದು ಕೊಂಡರೆ ಕಂಕುಳಲ್ಲಿ ಹಿಡಿಯುವುದಿಲ್ಲ. ರಕ್ಷಣಾ ಕನ್ನಡಕ ಮಾತ್ರ ಚಳಿಯಲ್ಲಿ ಮಂಜುಗಟ್ಟುವುದರಿಂದ ಹಣೆಯ ಮೇಲೇ ಇರಲಿ. ನೊಣದ ತಲೆ, ಕಣಜದ ತಲೆ ಇಂಥವೆಲ್ಲ ಛಾಯಾಚಿತ್ರಕ್ಕೆ ಚೆಂದ, ಆಟಕ್ಕೆ ಬೇಡ. ದೈತ್ಯ ಇರುವೆಯ ಆರು ಕಾಲುಗಳ ಬಗ್ಗೆಯೂ ನನ್ನ ಮಾತು ಅದೇ.

ನಿಮ್ಮ ಉದ್ದೇಶಕ್ಕೆ ತಕ್ಕಂತೆ

ಅಂಕಪಟ್ಟಿಯಲ್ಲಿ ಮೇಲೆ ಬರಬೇಕೆಂಬ ಆಸೆ ಇರುವವರಿಗೆ ನಿಲುವಂಗಿ ಅಥವಾ ಬಿಳಿ ಕೋಟು. ವೇಷದ ಬಹುಮಾನದ ಮೇಲೇ ಕಣ್ಣಿದ್ದರೆ, ಮತ್ತು ಎಂಟು ಹತ್ತು ಎಸೆತ ಹೆಚ್ಚಾದರೂ ಬೇಸರವಿಲ್ಲದಿದ್ದರೆ, ಮೀನುಮನುಷ್ಯ. ಎರಡರಲ್ಲೂ ಮಾನ ಉಳಿಯಬೇಕೆಂದರೆ ಜೀವಂತ ಶವ. ಈ ಊರಿನಲ್ಲಂತೂ ಅದಕ್ಕೆ ಸಿಗುವ ಪ್ರೀತಿಯೇ ಬೇರೆ. ಒಂದೇ ಕಾರ್ಡಿನಲ್ಲಿ, ಅಂದರೆ ಒಟ್ಟಿಗೆ ಆಡುವ ಒಂದೇ ಗುಂಪಿನಲ್ಲಿ, ನಾಲ್ವರು ಗೆಳೆಯರು ಆಡುವುದಾದರೆ ಒಬ್ಬರು ವಿಜ್ಞಾನಿ, ಒಬ್ಬರು ನಿಲುವಂಗಿ, ಇಬ್ಬರು ಶವ ಎಂದು ಹಂಚಿಕೊಂಡಾಗ ದೂರದ ಟೀಯಲ್ಲಿ ನಿಂತವರಿಗೂ ಕಥೆ ಗೊತ್ತಾಗುತ್ತದೆ. ಮಳೆಯ ಮುನ್ಸೂಚನೆ ಇದ್ದರೆ ಬಣ್ಣದ ವೇಷಗಳು ಇಳಿದುಹೋಗುತ್ತವೆ, ಆಗಲೂ ನಿಲುವಂಗಿಯೇ ವಾಸಿ. ಸಂಜೆಯ ಸುತ್ತಿಗೆ ಹೋಗುವವರು ಅಕ್ಟೋಬರ್ ಇಪ್ಪತ್ತರ ಹೊತ್ತಿಗೆ ಇಲ್ಲಿ ಸೂರ್ಯ ಆರೂವರೆಗೆಲ್ಲ ಮುಳುಗುತ್ತಾನೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಕಪ್ಪು ಬಟ್ಟೆಯ ಬೆನ್ನಿಗೆ ಹೊಳೆಯುವ ಪಟ್ಟಿ ಅಂಟಿಸಿಕೊಳ್ಳಲಿ. ಎಲ್ಲ ವೇಷಗಳಿಗೂ ಅನ್ವಯಿಸುವ ಒಂದು ಮಾತು: ಆಟಿಕೆಯ ಚಾಕು, ಬಂದೂಕು ತರಬೇಡಿ. ನಾವು ಆಡುವುದು ಸಾರ್ವಜನಿಕ ಉದ್ಯಾನದಲ್ಲಿ, ಪಕ್ಕದಲ್ಲೇ ಜೋಕಾಲಿಯ ಮೇಲೆ ಮಕ್ಕಳಿರುತ್ತಾರೆ.

ಕ್ಲಬ್ಬಿನವರು ಪಂದ್ಯದ ಡಿಸ್ಕಿನ ಮೇಲೆ ಅಚ್ಚುಹಾಕಲು ಪಾತ್ರ ಆರಿಸುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಬಿಸಿ ಅಚ್ಚಿನಲ್ಲಿ ಒಂದೇ ಬಣ್ಣದ ಹಾಳೆ ಒತ್ತುವುದು ಸಾಮಾನ್ಯವಾದ್ದರಿಂದ ಹೊರರೇಖೆಯೇ ಎಲ್ಲ. ಅಲ್ಲಿ ಕೆಂಪು ಮುದ್ದೆ ಬರೀ ಕಲೆಯಾಗಿ ಕಾಣುತ್ತದೆ, ನಿಲುವಂಗಿ ತುಂಬ ಚೆನ್ನಾಗಿ ಕೂರುತ್ತದೆ. ಹಕ್ಕಿನ ಪ್ರಶ್ನೆಯೂ ಬರುತ್ತದೆ. ಯೂನಿವರ್ಸಲ್‌ನ ಮೀನುಮನುಷ್ಯನ ರೂಪವನ್ನು ಅನುಮತಿಯಿಲ್ಲದೆ ಅಚ್ಚುಹಾಕಿ ಮಾರುವಂತಿಲ್ಲ. ರೊಮೆರೊ ಅವರ 1968ರ ಚಿತ್ರದ ಕಥೆ ಬೇರೆ: ಬಿಡುಗಡೆಗೆ ಮುನ್ನ ಹೆಸರು ಬದಲಿಸಿದಾಗ ಹೊಸ ಶೀರ್ಷಿಕೆಯ ಮೇಲೆ ಹಕ್ಕುಸ್ವಾಮ್ಯದ ಸೂಚನೆ ಹಾಕುವುದು ಬಿಟ್ಟುಹೋಗಿ, ಅಂದಿನ ಅಮೆರಿಕದ ಕಾನೂನಿನಂತೆ ಅದು ಸಾರ್ವಜನಿಕ ಸ್ವತ್ತಾಯಿತು. ಮಾಡಿದವರಿಗೆ ದೊಡ್ಡ ನಷ್ಟವಾದ ಆ ಮರೆವಿನಿಂದಲೇ ಇಂದು ಒಂದು ಸಣ್ಣ ಕ್ಲಬ್ಬು ಕುಸಿದ ಭುಜದ ಶವವೊಂದರ ಕೈಗೆ ಡಿಸ್ಕ್ ಕೊಟ್ಟು ಅಚ್ಚುಹಾಕಬಹುದು.

ಪಂದ್ಯಕ್ಕೆ ಒಂದು ವಾರ ಮೊದಲು ಪೂರ್ತಿ ವೇಷ ತೊಟ್ಟು ಹತ್ತು ಡ್ರೈವ್, ಹತ್ತು ಪಟ್ ಎಸೆದು ನೋಡಿ. ಆ ಇಪ್ಪತ್ತು ಎಸೆತಗಳ ನಡುವೆ ಯಾವುದನ್ನು ಕಿತ್ತು ಪಕ್ಕಕ್ಕೆ ಇಟ್ಟಿರೋ ಅದನ್ನು ಪಂದ್ಯದ ದಿನ ಮನೆಯಲ್ಲೇ ಬಿಡಿ. ಮುಖದ ಎಣ್ಣೆಬಣ್ಣ ಬರೀ ಸೋಪಿಗೆ ಬಿಡುವುದಿಲ್ಲ. ಮೊದಲು ಕೊಬ್ಬರಿ ಎಣ್ಣೆ ಸವರಿ, ಹಳೆಯ ಬಟ್ಟೆಯಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಡಿಸ್ಕ್ ಒರೆಸುವ ಟವೆಲ್ಲನ್ನು ಇದಕ್ಕೆ ಬಳಸಬೇಡಿ, ಎಣ್ಣೆ ಅಂಟಿದರೆ ಮುಂದಿನ ವಾರವೂ ಡಿಸ್ಕ್ ಕೈಯಿಂದ ಜಾರುತ್ತದೆ. ಕೆಲವು ಉದ್ಯಾನಗಳಲ್ಲಿ ಚಳಿಗಾಲಕ್ಕೆಂದು ನಲ್ಲಿಗಳನ್ನು ಬೇಗ ಮುಚ್ಚಿಬಿಡುತ್ತಾರೆ, ಹಾಗಾಗಿ ಎರಡು ಬಾಟಲಿ ನೀರು ಕಾರಿನಲ್ಲೇ ಇರಲಿ.